ಸೋಂಪುರದ ಬಾಲ್ಕನಿಯಲ್ಲೊಂದು ವೀಕ್ಷಣಾಲಯ

ಇಳಿವಯಸ್ಸಿನಲ್ಲಿ ನಿದ್ರೆ ಕಡಿಮೆಯಾಗುವುದು ಎಲ್ಲರೂ ಬಲ್ಲ ಸಂಗತಿ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವ ನಮ್ಮಂಥವರು ಮನೆಯವರ ನಿದ್ರೆಗೆ ಭಂಗ ಬಾರದಂತೆ ಏನಾದರೊಂದು ಕಾಯಕವನ್ನು ಹುಡುಕಿಕೊಳ್ಳಬೇಕಾಗುತ್ತದೆ. ನಾವು ಹುಡುಕಿಕೊಂಡ ಕಾಯಕವನ್ನು ಕಂಡು ಬಂಧುಗಳಲ್ಲಿ ಕೆಲವರು ನಕ್ಕರು, ಕೆಲವರು ಮರುಗಿದರು. ಮಠದಲ್ಲಿ ಓದಿ, ನಾಲ್ಕು ದಶಕ ಸಂಸ್ಕೃತ ಪಾಠ ಹೇಳಿದ ಮನುಷ್ಯ ಕತ್ತಲೆಯಲ್ಲಿ ಬಾಲ್ಕನಿಯ ಮೇಲೆ ಕುಳಿತು ಎರಡು ಹಲಗೆಗಳ ನಡುವಿನ ತಿರುಪನ್ನು ತಿರುಗಿಸುತ್ತಿದ್ದಾನೆಂದರೆ ಯಾರಿಗೆ ತಾನೇ ಸೋಜಿಗವಾಗದು? ಆದುದರಿಂದ ನಡೆದುದನ್ನು ನಡೆದಂತೆ ಬರೆದುಬಿಡುವುದೇ ಲೇಸೆಂದು ಈ ಲೇಖನಿಯನ್ನು ಹಿಡಿದಿದ್ದೇವೆ.

ನಾವು ಮಠದ ಪಾಠಶಾಲೆಗೆ ಸೇರಿದ್ದು 1970ರ ದಶಕದ ಆರಂಭದಲ್ಲಿ. ಬೇಸಿಗೆಯಲ್ಲಿ ಹುಡುಗರೆಲ್ಲ ಕಲ್ಲುಚಪ್ಪಡಿಯ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಮಲಗಿದರೆ ಕಣ್ಣಿಗೆ ಬೀಳುತ್ತಿದ್ದುದು ಆಕಾಶವೊಂದೇ. ವ್ಯಾಕರಣ ಹೇಳುತ್ತಿದ್ದ ಗುರುಗಳು ನಡುರಾತ್ರಿ ಎದ್ದು ಬಂದು, ಎಚ್ಚರವಿದ್ದವರನ್ನು ಕರೆದು, ಇದು ಜ್ಯೇಷ್ಠಾ, ಅದು ಮೂಲಾ, ಅಗೋ ಅಲ್ಲಿ ತ್ರಿಶಂಕು ಎಂದು ಬೆರಳು ತೋರಿಸುತ್ತಿದ್ದರು. ಆಕಾಶಗಂಗೆಯು ಹಾಲು ಚೆಲ್ಲಿದಂತೆ ದಕ್ಷಿಣದ ಅಂಚಿನವರೆಗೆ ಹರಿದಿರುತ್ತಿತ್ತು. ಅದನ್ನು ನಾವು ವಿಶೇಷವೆಂದು ಎಣಿಸಲೇ ಇಲ್ಲ. ಬಾವಿಯ ನೀರಿನಂತೆ, ಬೇವಿನ ಮರದ ನೆರಳಿನಂತೆ ಅದೂ ಇತ್ತು, ಅಷ್ಟೆ.

ಮುಂದೆ ನಾವೇ ಪಾಠ ಹೇಳುವವರಾದೆವು. ಇಪ್ಪತ್ತೇಳು ನಕ್ಷತ್ರಗಳ ಹೆಸರನ್ನು ಎಷ್ಟೋ ಸಾವಿರ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಆದರೆ ತಲೆಯೆತ್ತಿ ನೋಡುವ ಅಭ್ಯಾಸ ಮಾತ್ರ ಯಾವಾಗಲೋ ತಪ್ಪಿಹೋಯಿತು. ಒಂದು ಸಂಗತಿಯನ್ನು ಇಲ್ಲಿ ನಾಚಿಕೆಯಿಂದಲೇ ಹೇಳಬೇಕು. 1980ರ ಫೆಬ್ರವರಿ 16ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ಪಥವು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಸೀಮೆಯನ್ನು ಹಾದುಹೋಯಿತು. ಗದಗಿನ ಬಳಿಯ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಆ ಮಧ್ಯಾಹ್ನ ಇಪ್ಪತ್ತೊಂದರ ಹರೆಯದ ನಾವು ಊರಿನ ರೂಢಿಯಂತೆ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆವು. ಪಂಚಾಂಗದ ಭಯವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಕಿತ್ತೊಗೆದಿದ್ದರೆಂದು ಮರುದಿನವೇ ತರಗತಿಯಲ್ಲಿ ಪಾಠ ಕೇಳಿದವರೂ ನಾವೇ!

ಈಗ ನಮ್ಮ ವಾಸ ನೆಲಮಂಗಲ ತಾಲ್ಲೂಕಿನ ಸೋಂಪುರದಲ್ಲಿ. ದಕ್ಷಿಣದ ಕಡೆಗೆ ಶಿವಗಂಗೆಯ ಬೆಟ್ಟ. ಸಮೀಪದಲ್ಲಿಯೇ ದಾಬಸ್‌ಪೇಟೆ, ತುಮಕೂರಿಗೆ ಹೋಗುವ ಹೆದ್ದಾರಿ. ರಾಗಿ ಬೆಳೆಯುತ್ತಿದ್ದ ಹೊಲಗಳ ಬಹುಭಾಗ ಇಂದು ಸೋಂಪುರ ಕೈಗಾರಿಕಾ ಪ್ರದೇಶ. ಕಾರ್ಖಾನೆಗಳು ಬಂದುದರಿಂದ ಊರಿನ ಹುಡುಗರಿಗೆ ಕೆಲಸ ದೊರೆಯಿತು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಅವುಗಳೊಡನೆ ಇರುಳಿಡೀ ಉರಿಯುವ ದೀಪಗಳೂ ಬಂದವು. ಆಗ್ನೇಯಕ್ಕೆ ತಿರುಗಿದರೆ ಬೆಂಗಳೂರಿನ ಬೆಳಕು ಬೂದಿ ಬೆರೆತ ಕೆಂಡದಂತೆ ಆಕಾಶದ ಬುಡಕ್ಕೆ ಅಂಟಿಕೊಂಡಿರುತ್ತದೆ. ಆಕಾಶಗಂಗೆಯನ್ನು ನಮ್ಮ ಊರಿನಿಂದ ಕೊನೆಯ ಬಾರಿಗೆ ಯಾವಾಗ ಕಂಡೆವೆಂದು ಎಷ್ಟು ಯೋಚಿಸಿದರೂ ನೆನಪಾಗದು.

ಇಂತಹ ಸ್ಥಿತಿಯಲ್ಲಿ 2024ರ ಡಿಸೆಂಬರಿನಲ್ಲಿ ನಮ್ಮ ಮಗಳ ಮಗ ರಜೆಗೆಂದು ಬಂದನು. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಬರುವಾಗ ಯಾರೋ ಬಳಸಿ ಬಿಟ್ಟ ಒಂದು ಡಿಜಿಟಲ್ ಕ್ಯಾಮೆರಾವನ್ನೂ ಐವತ್ತು ಮಿಲಿಮೀಟರಿನ ಹಳೆಯ ಮಸೂರವನ್ನೂ ಅಗ್ಗಕ್ಕೆ ಕೊಂಡು ತಂದಿದ್ದ. “ತಾತ, ಕಣ್ಣಿಗೆ ಕಾಣದ ನಕ್ಷತ್ರವೂ ಕ್ಯಾಮೆರಾಕ್ಕೆ ಕಾಣುತ್ತೆ” ಎಂದ. ಕಣ್ಣು ಬೆಳಕನ್ನು ಕೂಡಿಡಲಾರದು. ಬಂದುದನ್ನು ಆ ಕ್ಷಣಕ್ಕೇ ಖರ್ಚು ಮಾಡಿಬಿಡುತ್ತದೆ. ಕ್ಯಾಮೆರಾವಾದರೋ ನಿಮಿಷಗಟ್ಟಲೆ ಬಾಯಿ ತೆರೆದು ಕುಳಿತು ಹನಿಹನಿಯಾಗಿ ಕೂಡಿಹಾಕುತ್ತದೆ. ಈ ಮಾತು ನಮಗೆ ಹಿಡಿಸಿತು. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ, ಇನ್ನೊಂದು ಸರದಿಯಲ್ಲಿ ನಿಂತಿರುವ ನಮ್ಮಂಥವರಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಮಾತು ಯಾವುದು?

ತಾರಸಿಗೆ ಹೋಗಲು ನಮ್ಮ ಮನೆಯಲ್ಲಿ ಕಬ್ಬಿಣದ ಏಣಿಯೊಂದೇ ದಾರಿ. ನಮ್ಮ ಮೊಣಕಾಲುಗಳೂ ನಮ್ಮ ಮನೆಯವರೂ ಅದಕ್ಕೆ ಒಪ್ಪಲಿಲ್ಲ. ಉಳಿದದ್ದು ಮಹಡಿಯ ಬಾಲ್ಕನಿ. ಹನ್ನೊಂದು ಅಡಿ ಉದ್ದ, ನಾಲ್ಕು ಅಡಿ ಅಗಲ, ಮುಖ ದಕ್ಷಿಣಕ್ಕೆ, ಮೇಲೆ ಸಜ್ಜೆ. ನೆತ್ತಿಯ ಮೇಲಿನ ಆಕಾಶ ಅಲ್ಲಿಂದ ಕಾಣುವುದೇ ಇಲ್ಲ. ಮಹಾವ್ಯಾಧನ ನೀಹಾರಿಕೆ ಅತ್ಯಂತ ಚೆಲುವಾಗಿರುವ ಹೊತ್ತಿನಲ್ಲಿ ನಮ್ಮ ಸಜ್ಜೆಯ ಮೇಲೆ ಇರುತ್ತದೆ. ಧ್ರುವ ನಕ್ಷತ್ರವಂತೂ ಮನೆಯ ಹಿಂಬದಿಗೆ. ಇದೆಂತಹ ವೀಕ್ಷಣಾಲಯವೆಂದು ಮೊದಲು ನಿರಾಶೆಯಾಯಿತು. ಆಮೇಲೆ ಲೆಕ್ಕ ಹಾಕಿದಾಗ ಬೇರೆಯೇ ಸಂಗತಿ ಹೊಳೆಯಿತು. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಕೇವಲ 13 ಅಂಶ ಚಿಲ್ಲರೆ. ಆದ್ದರಿಂದ ಯೂರೋಪಿನವರಿಗೆ ಜನ್ಮದಲ್ಲಿ ಕಾಣದ ದಕ್ಷಿಣದ ತಾರೆಗಳು ನಮಗೆ ಮನೆಬಾಗಿಲಲ್ಲಿಯೇ ಏರಿ ಇಳಿಯುತ್ತವೆ. ಅಗಸ್ತ್ಯ ನಕ್ಷತ್ರವು ದಿಗಂತದಿಂದ 24 ಅಂಶ ಮೇಲೇರುತ್ತದೆ. ತ್ರಿಶಂಕುವು 17 ಅಂಶ. ಎಲ್ಲವೂ ಸಜ್ಜೆಯ ಕೆಳಗೆ, ಕಟಾಂಜನದ ಮೇಲೆ, ಚೌಕಟ್ಟು ಹಾಕಿಸಿದಂತೆ!

ಮೊದಲ ರಾತ್ರಿ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು ಅಗಸ್ತ್ಯನ ಕಡೆಗೆ ತಿರುಗಿಸಿ ಮೂವತ್ತು ಸೆಕೆಂಡು ತೆರೆದಿಟ್ಟೆವು. ಚುಕ್ಕೆಯ ಬದಲು ಗೆರೆ ಬಂತು. ಭೂಮಿ ತಿರುಗುತ್ತಿದೆಯಲ್ಲವೇ? ಗಂಟೆಗೆ 15 ಅಂಶದಂತೆ ಆಕಾಶವೂ ಸರಿಯುತ್ತದೆ. ಈ ಕ್ಯಾಮೆರಾ, ಈ ಮಸೂರಕ್ಕೆ ಆರೇಳು ಸೆಕೆಂಡು ದಾಟಿದರೆ ನಕ್ಷತ್ರ ಗೆರೆಯಾಗುತ್ತದೆಂದು ಮೊಮ್ಮಗ ಲೆಕ್ಕ ಹೇಳಿದ. ಅದಕ್ಕೆ ಪರಿಹಾರವಾಗಿ ಆಕಾಶದೊಡನೆ ತಾನೂ ತಿರುಗುವ ಯಂತ್ರಗಳು ಅಂಗಡಿಯಲ್ಲಿ ದೊರೆಯುತ್ತವೆ. ಬೆಲೆ ಕೇಳಿ ಸುಮ್ಮನಾದೆವು. ಸ್ಕಾಟ್ಲೆಂಡಿನ ಹೇಗ್ ಎಂಬ ಹವ್ಯಾಸಿಯೊಬ್ಬರು 1970ರ ದಶಕದಲ್ಲಿ ಬಡವರಿಗಾಗಿ ಒಂದು ಉಪಾಯವನ್ನು ಪ್ರಚಾರಕ್ಕೆ ತಂದಿದ್ದರಂತೆ. ಎರಡು ಹಲಗೆ, ನಡುವೆ ಬಿಜಾಗರಿ, ಇನ್ನೊಂದು ತುದಿಗೆ ಒಂದು ಉದ್ದನೆಯ ಬೋಲ್ಟು. ಬೋಲ್ಟನ್ನು ತಿರುಗಿಸಿದರೆ ಮೇಲಿನ ಹಲಗೆ ಪುಸ್ತಕದ ರಟ್ಟಿನಂತೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಅದರ ಮೇಲೆ ಕ್ಯಾಮೆರಾ.

ಊರಿನ ಆಚಾರರ ಬಳಿಗೆ ಹೋದೆವು. ಒಂದು ಸುತ್ತಿಗೆ ಒಂದು ಮಿಲಿಮೀಟರು ಏರುವ ಬೋಲ್ಟು ಬೇಕು. ಬಿಜಾಗರಿಯ ನಡುವಿನಿಂದ ಬೋಲ್ಟಿಗೆ 228.6 ಮಿಲಿಮೀಟರು ಇರಬೇಕು. ಆಗ ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಭೂಮಿಯ ವೇಗಕ್ಕೆ ಸರಿಹೋಗುತ್ತದೆ ಎಂದು ಮೊಮ್ಮಗ ಕಾಗದ ಹಿಡಿದು ವಿವರಿಸಿದ. ಆಚಾರರು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು, ಅಳತೆಪಟ್ಟಿಯ ಎರಡು ಅಂಚುಗಳನ್ನೂ ನೋಡಿ, “ಅದ್ಯಾಕಪ್ಪ ಅಷ್ಟು ಸುತ್ತಿ ಬಳಸಿ ಹೇಳ್ತೀಯ? ಒಂಬತ್ತು ಇಂಚು ಅನ್ನು” ಎಂದರು. ನೋಡಿದರೆ ಹೌದು, ಸರಿಯಾಗಿ ಒಂಬತ್ತು ಇಂಚು. ಹುಡುಗ ತಲೆ ಕೆರೆದುಕೊಂಡ. ಬೋಲ್ಟಿನ ಬುಡಕ್ಕೆ ಆಚಾರರೇ ಒಂದು ದುಂಡು ಹಲಗೆಯನ್ನೂ ಚಿಕ್ಕ ಹಿಡಿಯನ್ನೂ ಕೂರಿಸಿಕೊಟ್ಟರು. ಅದರ ಪಕ್ಕಕ್ಕೆ ನಮ್ಮ ಹಳೆಯ ಗೋಡೆ ಗಡಿಯಾರವನ್ನು ಇಟ್ಟುಕೊಂಡು, ಸೆಕೆಂಡಿನ ಮುಳ್ಳು ಹೇಗೆ ಹೋಗುತ್ತದೆಯೋ ಹಾಗೆಯೇ ಹಿಡಿಯನ್ನೂ ಒಯ್ಯಬೇಕು. ಅವಸರ ಮಾಡುವಂತಿಲ್ಲ, ಮೈಮರೆಯುವಂತಿಲ್ಲ. ಮೊಮ್ಮಗನಿಗೆ ಎರಡು ನಿಮಿಷಕ್ಕೇ ಬೇಸರ ಬಂತು. ಐವತ್ತು ವರ್ಷ ಜಪಮಣಿ ಎಣಿಸಿದ ಕೈಗೆ ಅದು ಕಷ್ಟವೆನಿಸಲಿಲ್ಲ.

ಈ ಸಾಧನದ ಬಿಜಾಗರಿಯು ಆಕಾಶದ ಧ್ರುವಕ್ಕೆ ಮುಖಮಾಡಿರಬೇಕು. ಧ್ರುವ ನಕ್ಷತ್ರ ಕಾಣುವವರಿಗೆ ಇದು ಸುಲಭ. ನಮಗೆ ಅಡ್ಡವಾಗಿ ಗೋಡೆ ಇದೆ. ಇಲ್ಲಿ ಮಾತ್ರ ನಮ್ಮ ಹಳೆಯ ವಿದ್ಯೆ ಕೈಹಿಡಿಯಿತೆಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇವೆ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ ದಿಕ್ಸಾಧನೆಯ ಕ್ರಮವಿದೆ. ಸಮತಟ್ಟಾದ ನೆಲದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟು, ಸುತ್ತಲೂ ಒಂದು ವೃತ್ತವನ್ನು ಎಳೆಯಬೇಕು. ಶಂಕುವಿನ ನೆರಳಿನ ತುದಿಯು ಪೂರ್ವಾಹ್ನದಲ್ಲಿ ವೃತ್ತವನ್ನು ಪ್ರವೇಶಿಸುವ ಬಿಂದು ಒಂದು, ಅಪರಾಹ್ನದಲ್ಲಿ ಹೊರಡುವ ಬಿಂದು ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವಪಶ್ಚಿಮ. ಅದಕ್ಕೆ ಲಂಬವೆಳೆದರೆ ಉತ್ತರದಕ್ಷಿಣ. ವರ್ಷಗಟ್ಟಲೆ ಈ ಅಧ್ಯಾಯವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದ್ದೆವು, ಬಿಸಿಲಿನಲ್ಲಿ ಒಮ್ಮೆಯೂ ನೆಟ್ಟಿರಲಿಲ್ಲ. ಸಂಕ್ರಾಂತಿಯ ದಿನ ಬಾಲ್ಕನಿಯಲ್ಲಿ ನೆಟ್ಟೆವು. ಆ ದಿನ ನಮ್ಮ ಊರಿನಲ್ಲಿ ನಿಜವಾದ ಮಧ್ಯಾಹ್ನ ಗಡಿಯಾರದ 12ಕ್ಕೆ ಆಗುವುದಿಲ್ಲ. ಭಾರತದ ಕಾಲಮಾನವು 82.5 ಅಂಶ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಐದು ಅಂಶಕ್ಕೂ ಹೆಚ್ಚು ಪಶ್ಚಿಮಕ್ಕೆ. ಅದರಿಂದ 21 ನಿಮಿಷ, ಜನವರಿಯ ಸೂರ್ಯನ ವಿಳಂಬದಿಂದ ಇನ್ನೊಂದು 9 ನಿಮಿಷ. ಸರಿಯಾಗಿ 12 ಗಂಟೆ 30 ನಿಮಿಷದ ಹೊತ್ತಿಗೆ ನೆರಳು ನಾವೆಳೆದ ಲಂಬದ ಮೇಲೆ ಬಂದು ಮಲಗಿತು. ನಾವು ಚಪ್ಪಾಳೆ ತಟ್ಟಿದೆವೆಂದು ಮನೆಯಲ್ಲಿ ಇಂದಿಗೂ ಹಾಸ್ಯ ಮಾಡುತ್ತಾರೆ.

ಓರೆಯ ವಿಷಯವೂ ಹಾಗೆಯೇ ಬಗೆಹರಿಯಿತು. ವಿಷುವದ ದಿನ ಹನ್ನೆರಡು ಅಂಗುಲದ ಶಂಕುವಿನ ಮಧ್ಯಾಹ್ನದ ನೆರಳಿಗೆ ಪಲಭಾ ಎಂದು ಹೆಸರು. ನಮ್ಮ ಅಕ್ಷಾಂಶಕ್ಕೆ ಅದು ಸುಮಾರು 2.8 ಅಂಗುಲ. ಹನ್ನೆರಡು ಇಂಚು ಉದ್ದಕ್ಕೆ 2.8 ಇಂಚು ಎತ್ತರವಿರುವ ಬೆಣೆಯನ್ನು ಆಚಾರರಿಂದ ಕೊಯ್ಯಿಸಿ ಹಲಗೆಯ ಕೆಳಗೆ ಕೊಟ್ಟರೆ ಬಿಜಾಗರಿ ತಾನಾಗಿಯೇ ಧ್ರುವದತ್ತ ಓರೆಯಾಗುತ್ತದೆ. ಪುಸ್ತಕದ ಮಾತು ಮರದ ತುಂಡಾಗಿ ಕೈಗೆ ಬಂದಾಗ ಆದ ಸಂತೋಷ ನಮ್ಮ ವೃತ್ತಿಯಲ್ಲಿ ಅಪರೂಪದ್ದು. ಒಂದು ತೊಡಕಾಯಿತು. ಮಾಘ ಮಾಸದ ಬಿಸಿಲಿಗೆ ನಮ್ಮ ಮನೆಯವರು ಪ್ರತಿವರ್ಷ ಅರಳು ಸಂಡಿಗೆ ಇಡುವುದು ಅದೇ ಬಾಲ್ಕನಿಯಲ್ಲಿ. ಉತ್ತರದಕ್ಷಿಣ ರೇಖೆಯನ್ನು ಉಳಿಸಬೇಕೆಂಬ ನಮ್ಮ ವಾದಕ್ಕೆ, “ನೋಡಿ, ನಿಮ್ಮ ಗೆರೆ ಗೋಡೆಯ ಬುಡದಲ್ಲಿರಲಿ, ನನ್ನ ಹಾಸು ಕಂಬಿಯ ಕಡೆಗಿರಲಿ” ಎಂದು ತೀರ್ಪಿತ್ತರು. ಅದರಿಂದ ಲಾಭವೇ ಆಯಿತು. ಬಾಲ್ಕನಿಯ ಹೊರಅಂಚು ಯಾರಾದರೂ ಒಳಗೆ ನಡೆದಾಡಿದರೂ ನಡುಗುತ್ತದೆ, ಗೋಡೆಯ ಬುಡ ನಡುಗುವುದಿಲ್ಲ. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಬಿಸಿಯುಗುಳಿ ಚಿತ್ರವನ್ನು ಕದಡುತ್ತದೆಂದು ಸಂಜೆ ಎರಡು ಕೊಡ ನೀರು ಸುರಿಯುವುದನ್ನೂ ಕಲಿತೆವು.

ಇಷ್ಟಾದರೂ ಚಿತ್ರ ಏಳಲಿಲ್ಲ. ನಕ್ಷತ್ರಗಳು ಚುಕ್ಕೆಗಳಾಗಿಯೇ ಬಂದವು, ಆದರೆ ಮಜ್ಜಿಗೆಯಲ್ಲಿ ಅದ್ದಿ ತೆಗೆದಂತೆ ಎಲ್ಲವೂ ಬೆಳ್ಳಗೆ. ದೂರದ ಕಾರ್ಖಾನೆಯ ಬೆಳಕಿಗಿಂತ ಹತ್ತಿರದ ಒಂದು ದೀಪ ಮುಖ್ಯ ಕಾರಣವಾಗಿತ್ತು. ನಮ್ಮ ಬಾಲ್ಕನಿಯ ಎದುರಿಗೆ, ಕೆಳಗೆ, ಪಕ್ಕದ ಮನೆಯ ದನದ ಕೊಟ್ಟಿಗೆ. ಅದರ ಮಾಡಿಗೆ ಕಟ್ಟಿದ ಎಲ್‌ಇಡಿ ದೀಪ ಮುಖವನ್ನು ಮೇಲಕ್ಕೆತ್ತಿ ನೇರವಾಗಿ ನಮ್ಮ ಮಸೂರದೊಳಗೇ ಇಣುಕುತ್ತಿತ್ತು. ಹಿಂದಿನ ವರ್ಷ ಆ ದೀಪ ಇರಲಿಲ್ಲ. ಆ ಮನೆಯಲ್ಲಿರುವುದು ನಮ್ಮ ವಯಸ್ಸಿನ ತಾಯಿಯೊಬ್ಬರು. ಯಜಮಾನರು ತೀರಿಹೋಗಿದ್ದಾರೆ, ಮಗ ರಾತ್ರಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಎರಡು ಹಸು, ಒಂದು ಕರು. ಹಾಲಿನ ಡೇರಿಗೆ ಹಾಕುವ ಹಾಲಿನಿಂದಲೇ ಆ ತಾಯಿಯ ಕೈಖರ್ಚು ನಡೆಯುತ್ತದೆ.

2025ರ ಜನವರಿ 29ರಂದು ಅಮಾವಾಸ್ಯೆ. ಸಂಜೆ ನಾವು ಸ್ವತಃ ಹೋಗಿ ಜಗಲಿಯ ಮೇಲೆ ಕುಳಿತು ಮಾತಿಗೆ ಮೊದಲಾದೆವು. ಆಕಾಶ, ನಕ್ಷತ್ರ, ವಿಜ್ಞಾನ ಎಂದೆಲ್ಲ ಹೇಳಿದೆವು. ಪಾಠ ಹೇಳಿದವನ ಮಾತು ಸಾಮಾನ್ಯವಾಗಿ ಉದ್ದವೇ. ಆ ತಾಯಿ ಸೆರಗು ಸರಿಪಡಿಸಿಕೊಂಡು ಎಲ್ಲವನ್ನೂ ಕೇಳಿ, “ದೀಪ ಆರಿಸ್ಬೇಕು ಅಷ್ಟೇ ತಾನೆ ಅಯ್ನೋರೇ? ಆಯ್ತು ಬುಡಿ” ಎಂದರು. ನಾವು ಹರಸಿ ಎದ್ದು ಬಂದೆವು. ಎಷ್ಟು ಸುಲಭವಾಗಿ ಆಯಿತೆಂದು ಮನೆಯಲ್ಲಿ ಹೇಳಿಕೊಂಡೆವು ಕೂಡ. ನಮ್ಮ ಮನೆಯವರು ಏನೂ ಅನ್ನಲಿಲ್ಲ.

ಆ ಇರುಳು ನಿಜಕ್ಕೂ ಕತ್ತಲೆ. ಬೆಳಗಿನ ಜಾವ ಮೂರೂವರೆಗೆ ಎದ್ದು ಬಾಲ್ಕನಿಗೆ ಬಂದೆವು. ಕಿನ್ನರ ನಕ್ಷತ್ರಪುಂಜವು ಬೆಟ್ಟದ ಮಗ್ಗುಲಿನಿಂದ ಮೇಲೇರಿತ್ತು. ಹಿಡಿಯ ಮೇಲೆ ಕೈಯಿಟ್ಟು ಗಡಿಯಾರ ನೋಡುವಷ್ಟರಲ್ಲಿ ಕೆಳಗೆ ಕೊಟ್ಟಿಗೆಯಲ್ಲಿ ಒಂದು ಸಣ್ಣ ಬೆಳಕು ಹೊತ್ತಿ, ಗೋಡೆಯ ಉದ್ದಕ್ಕೂ ಹರಿದು, ಆರಿಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ. ಬಗ್ಗಿ ನೋಡಿದರೆ, ಆ ತಾಯಿ ಗೋಣಿತಾಟು ಹಾಸಿಕೊಂಡು, ಕಂಬಳಿ ಹೊದ್ದು, ಕರುವಿನ ಪಕ್ಕದಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಒಂದು ದೊಣ್ಣೆ, ಕೈಯಲ್ಲಿ ಬ್ಯಾಟರಿ. ಐದು ನಿಮಿಷಕ್ಕೊಮ್ಮೆ ಬೆಳಕು ಬಿಟ್ಟು ಹಿತ್ತಿಲ ಬೇಲಿಯನ್ನು ನೋಡುತ್ತಿದ್ದರು. ರಾತ್ರಿಯಿಡೀ ಹಾಗೆಯೇ ಕುಳಿತಿದ್ದರೆಂದು ಬೆಳಿಗ್ಗೆ ತಿಳಿಯಿತು.

ಚಿರತೆ! ಅದು ನಮ್ಮ ಮನಸ್ಸಿಗೆ ಬಾರದೆ ಹೋದುದು ಹೇಗೆ? 2024ರ ನವೆಂಬರಿನಲ್ಲಿ ನಮ್ಮದೇ ತಾಲ್ಲೂಕಿನ ಶಿವಗಂಗೆಯ ಸಮೀಪ, ಹುಲ್ಲು ತರಲು ಹೋಗಿದ್ದ ಹೆಣ್ಣುಮಗಳೊಬ್ಬರು ಚಿರತೆಗೆ ಬಲಿಯಾಗಿದ್ದರು. ಅಂದಿನಿಂದ ಸುತ್ತಲ ಹಳ್ಳಿಗಳವರು ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗಲೂ ಹೆದರುತ್ತಿದ್ದರು. ಪಕ್ಕದ ಕೊಟ್ಟಿಗೆಗೆ ದೀಪ ಬಂದದ್ದೂ ಆಗಲೇ. ನಾವು ಪತ್ರಿಕೆಯಲ್ಲಿ ಓದಿ, ಅಯ್ಯೋ ಎಂದು, ಪುಟ ಮಗುಚಿದ್ದೆವು. ಕೇಳಿದವರು ಅಯ್ನೋರೆಂಬ ಒಂದೇ ಕಾರಣಕ್ಕೆ ಆ ತಾಯಿ ಇಲ್ಲವೆನ್ನಲಾರದೆ ಹೋದರು. ಆ ಬೆಳಗಿನ ಜಾವ ನಾವು ಚಿತ್ರ ತೆಗೆಯಲಿಲ್ಲ. ಕೆಳಗಿಳಿದು ಹೋಗಿ, “ತಾಯಿ, ದೀಪ ಹಾಕಿ, ಒಳಗೆ ಹೋಗಿ ಮಲಗಿ” ಎಂದೆವು. ಅವರು, “ಯಾಕೆ ಅಯ್ನೋರೇ, ನಿಮ್ ಕೆಲ್ಸ ಮುಗೀತಾ?” ಎಂದು ಕೇಳಿದರು.

ಹಲವು ದಿನ ಹಲಗೆಗಳು ಮೂಲೆಯಲ್ಲಿಯೇ ಇದ್ದವು. ಆ ದಿನಗಳಲ್ಲಿ ಹಿಂದೆಂದೋ ಓದಿದ್ದ ಒಂದು ಪ್ರಸಂಗ ನಮ್ಮನ್ನು ಬಿಡದೆ ಕಾಡಿತು. ಕಾಸರಗೋಡಿನ ಬಳಿ ಸಮುದ್ರಕ್ಕೆ ಚಾಚಿಕೊಂಡಿರುವ ಬೇಕಲ ಕೋಟೆ ಇದೆಯಲ್ಲ, ನಮ್ಮ ಕೆಳದಿಯ ಅರಸರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ್ದು, ಅಲ್ಲಿ 1871ರ ಡಿಸೆಂಬರ್ 12ರಂದು ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಎಂಬ ಪ್ರಸಿದ್ಧ ವಿಜ್ಞಾನಿಯ ತಂಡ ಬಂದಿಳಿದಿತ್ತು. ಸೂರ್ಯನಲ್ಲಿ ಹೀಲಿಯಂ ಇದೆಯೆಂದು ಹೇಳಿದ ಮೊದಲಿಗರಲ್ಲಿ ಅವರೊಬ್ಬರು. ಗ್ರಹಣದ ಹೊತ್ತಿನಲ್ಲಿ ಸೂರ್ಯನ ಸುತ್ತ ತೋರುವ ಪ್ರಭಾವಳಯದ ಛಾಯಾಚಿತ್ರಗಳನ್ನು ಅಂದು ಆ ಕೋಟೆಯಿಂದ ತೆಗೆದರು. ಕನ್ನಡ ಸೀಮೆಯ ಅಂಚಿನಲ್ಲಿ ಆಕಾಶದ ಛಾಯಾಗ್ರಹಣ ಅಷ್ಟು ಹಿಂದೆಯೇ ನಡೆದಿತ್ತೆಂಬುದು ಅನೇಕರಿಗೆ ತಿಳಿಯದು. ಆದರೆ ನಮ್ಮನ್ನು ಕಾಡಿದ್ದು ಬೇರೆ ಸಂಗತಿ. ಹೊತ್ತು ಕತ್ತಲಾಗುತ್ತ ಬಂದಾಗ ಸ್ಥಳೀಯ ಜನರು ತಮ್ಮ ನಂಬಿಕೆಯಂತೆ ಬೆಂಕಿ ಹೊತ್ತಿಸಿದರು. ಹೊಗೆ ದೂರದರ್ಶಕಗಳಿಗೆ ಅಡ್ಡಬರುವುದೆಂದು ಪೊಲೀಸರು ಹೋಗಿ ಅದನ್ನು ಆರಿಸಿದರು. ಹಿಂದೆ ಇದನ್ನು ಓದಿದಾಗ ಅಜ್ಞಾನಿಗಳಾದ ಜನ ಎಂದುಕೊಂಡಿದ್ದೆವು. ಈಗ, ಆ ಜನರಿಗೂ ಒಂದು ಭಯವಿತ್ತು, ಯಾರೂ ಕುಳಿತು ಅದೇನೆಂದು ಕೇಳಲಿಲ್ಲ ಎಂಬುದೇ ಮುಂದೆ ಬಂದು ನಿಲ್ಲುತ್ತಿತ್ತು. ಲಾಕಿಯರ್ ಸಾಹೇಬರಿಗೆ ಪೊಲೀಸರಿದ್ದರು. ನಮಗೆ ಅಯ್ನೋರೆಂಬ ಮರ್ಯಾದೆಯಿತ್ತು. ವ್ಯತ್ಯಾಸ ಬಹಳವೇನಿಲ್ಲ.

ದಾರಿ ತೋರಿದವನು ಮೊಮ್ಮಗನೇ. ಅವನು ಕಾಲೇಜಿನಿಂದ ಹೊಸಕೋಟೆಗೆ ಹೋಗಿದ್ದನಂತೆ. ನಮ್ಮ ಜಿಲ್ಲೆಯದೇ ಹೊಸಕೋಟೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರು ಎತ್ತರದಲ್ಲಿರುವ ಎರಡು ಮೀಟರು ವ್ಯಾಸದ ಹಿಮಾಲಯ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಉಪಗ್ರಹದ ಮೂಲಕ ನಡೆಸುವುದು ಆ ಹೊಸಕೋಟೆಯಲ್ಲಿ ಕುಳಿತು! ಕತ್ತಲೆಯನ್ನು ಅರಸುತ್ತ ವಿಜ್ಞಾನಿಗಳು ಮೊದಲು ತಮಿಳುನಾಡಿನ ಕಾವಲೂರಿಗೆ, ಆಮೇಲೆ ಹಾನ್ಲೆಗೆ ಹೋದರು. ಆ ಹಾನ್ಲೆಯ ಸುತ್ತಲ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಸಾರಿದ್ದಾರೆ. ಅಲ್ಲಿಯೂ ಹಳ್ಳಿಗಳಿವೆ, ದನಕರುಗಳಿವೆ. “ಅಲ್ಲಿ ದೀಪ ಆರಿಸೋದಿಲ್ಲ ತಾತ, ದೀಪಕ್ಕೆ ಮರೆ ಹಾಕ್ತಾರೆ, ಕಿಟಕಿಗೆ ಪರದೆ ಬಿಡ್ತಾರೆ. ಬೆಳಕು ನೆಲಕ್ಕೆ ಬಿದ್ದರೆ ಸಾಕಲ್ವಾ?” ಎಂದ.

ಈ ಸಲ ಮಾತಾಡಲು ಹೋದದ್ದು ನಾವಲ್ಲ, ನಮ್ಮ ಮನೆಯವರು. ಹೆಂಗಸರಿಬ್ಬರೂ ಕೊಟ್ಟಿಗೆಯಲ್ಲಿ ನಿಂತು ಬಹಳ ಹೊತ್ತು ಮಾತನಾಡಿದರು. ಮೇಲಿಂದ ನಮಗೆ ಕೇಳಿಸುತ್ತಿದ್ದುದು ಕರುವಿನ ಭೇದಿ, ಹಿಂಡಿಯ ಬೆಲೆ, ಮಗನಿಗೆ ಹೆಣ್ಣು ಹುಡುಕುವ ಕಷ್ಟ. ದೀಪದ ಮಾತು ಕೊನೆಯಲ್ಲಿ ಎರಡೇ ನಿಮಿಷ. ಆ ತಾಯಿ ಹೇಳಿದ ಒಂದು ಸಂಗತಿ ನಮ್ಮ ವಿಜ್ಞಾನಕ್ಕೆ ಹೊಳೆದಿರಲಿಲ್ಲ: ಮೇಲ್ಮುಖವಾದ ದೀಪದ ಬೆಳಕು ತಮ್ಮ ಕಣ್ಣನ್ನೇ ಕುಕ್ಕುವುದರಿಂದ ಬೇಲಿಯ ಬುಡ ತಮಗೆ ಕಾಣಿಸದೆಂಬುದು! ಅವರಿಗೆ ಬೇಕಾದದ್ದೂ ಬೆಳಕು ಕೆಳಗೆ ಬೀಳುವುದೇ. ಮರುದಿನ ಮೊಮ್ಮಗನೂ ಆಚಾರರೂ ಸೇರಿ ಹದಿನೈದು ಕಿಲೋ ಎಣ್ಣೆಯ ತಗಡಿನ ಡಬ್ಬವನ್ನು ಓರೆಯಾಗಿ ಕತ್ತರಿಸಿ, ಒಳಗೆ ಸುಣ್ಣ ಬಳಿದು, ದೀಪದ ಮೇಲೆ ಟೊಪ್ಪಿಗೆಯಂತೆ ಇಳಿಬಿಟ್ಟರು. ದೀಪದ ಮುಖವನ್ನು ಬೇಲಿಯ ಕಡೆಗೆ ಬಗ್ಗಿಸಿದರು. ಬೇಲಿಯ ಬುಡದ ಕಲ್ಲುಗಳು ಒಂದೊಂದೂ ಎಣಿಸುವಂತಾದವು. ನಮ್ಮ ಬಾಲ್ಕನಿಗೆ ನೆರಳು ಬಿತ್ತು.

2025ರ ಫೆಬ್ರವರಿ 26 ಮಹಾಶಿವರಾತ್ರಿ. ಅಮಾವಾಸ್ಯೆಯ ಹಿಂದಿನ ಚತುರ್ದಶಿಯಾದುದರಿಂದ ಆ ರಾತ್ರಿ ಎಂದಿಗೂ ಬೆಳದಿಂಗಳಿರುವುದಿಲ್ಲ. ಸಾಲದುದಕ್ಕೆ ಮನೆಮಂದಿಯೆಲ್ಲ ಜಾಗರಣೆಯಲ್ಲಿರುತ್ತಾರೆ. ನಕ್ಷತ್ರ ನೋಡುವವರಿಗೆ ವರ್ಷದಲ್ಲಿ ಇದಕ್ಕಿಂತ ಅನುಕೂಲವಾದ ಇರುಳು ಯಾವುದು? ಪೂಜೆ ಪ್ರಸಾದಗಳು ಮುಗಿದು, ಎರಡೂವರೆಯ ಮೇಲೆ ಹಿಡಿಯ ಮುಂದೆ ಕುಳಿತೆವು. ನಮ್ಮ ಗುರಿ ಕಿನ್ನರ ಪುಂಜದಲ್ಲಿರುವ ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛ. ಸುಮಾರು 17,000 ಜ್ಯೋತಿರ್ವರ್ಷಗಳ ದೂರದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು. ನಮ್ಮ ಆಕಾಶಗಂಗೆಯ ಗೋಳಗುಚ್ಛಗಳಲ್ಲೆಲ್ಲ ದೊಡ್ಡದು. ಪ್ರಾಚೀನರು ಅದನ್ನು ಒಂದೇ ನಕ್ಷತ್ರವೆಂದು ಬಗೆದಿದ್ದರು. ಜಾನ್ ಹರ್ಷಲ್ ಎಂಬ ಖಗೋಳಜ್ಞರು 1830ರ ದಶಕದಲ್ಲಿ ದಕ್ಷಿಣ ಆಫ್ರಿಕದ ಕೇಪಿನಿಂದ ಅದನ್ನು ವಿವರವಾಗಿ ನೋಡಿ ಬರೆದರು. ಅವರ ಮಗ, ತಂದೆಯ ಹೆಸರನ್ನೇ ಹೊತ್ತ ಸೇನಾಧಿಕಾರಿ, 1868ರ ಆಗಸ್ಟ್ 18ರ ಗ್ರಹಣವನ್ನು ಮೋಡಗಳ ಎಡೆಯಿಂದ ವೀಕ್ಷಿಸಿದ್ದು ನಮ್ಮ ಜಮಖಂಡಿಯಲ್ಲಿ. ಮೂರು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಗುಚ್ಛವು ದಕ್ಷಿಣದ ರೇಖೆಗೆ ಬಂತು. ಎತ್ತರ 29 ಅಂಶ. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ.

ಒಂದೊಂದು ನಿಮಿಷದ ನಲವತ್ತು ಚಿತ್ರಗಳನ್ನು ತೆಗೆದೆವು. ಬೋಲ್ಟು ತುದಿ ಮುಟ್ಟಿದಾಗ ಮತ್ತೆ ಹಿಂದಕ್ಕೆ ಸುತ್ತಿ, ಮತ್ತೆ ಮೊದಲು. ನಡುವೆ ಹೆದ್ದಾರಿಯ ಲಾರಿಯೊಂದು ಊರೊಳಗೆ ಬಂದು ಮೂರು ಚಿತ್ರ ಕೆಟ್ಟವು. ಅವನ್ನು ಮತ್ತೆ ತೆಗೆದೆವು. ಕೊನೆಗೆ ಮಸೂರಕ್ಕೆ ಮುಚ್ಚಳ ಹಾಕಿ ಹತ್ತು ಕತ್ತಲೆಯ ಚಿತ್ರಗಳು. ಕ್ಯಾಮೆರಾದ ಸ್ವಂತ ದೋಷವನ್ನು ಕಳೆಯಲು ಇವು ಬೇಕು. ಬೆಳಿಗ್ಗೆ ಮೊಮ್ಮಗ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದ. ನಲವತ್ತು ಚಿತ್ರ ಸೇರಿದರೆ ನಿಜವಾದ ಬೆಳಕು ನಲವತ್ತರಷ್ಟು ಕೂಡುತ್ತದೆ, ಗದ್ದಲ ಮಾತ್ರ ಆರರಷ್ಟೇ ಬೆಳೆಯುತ್ತದೆ. ಪರದೆಯ ಮೇಲಿನ ಮಂಜು ಹಿಂದೆ ಸರಿದು, ನಡುವೆ ಹತ್ತಿಯ ಉಂಡೆಯಂತಹುದೊಂದು ಮೂಡಿತು. ಅಂಚಿನಲ್ಲಿ ರವೆಯಂತೆ ಬಿಡಿಬಿಡಿಯಾದ ಚುಕ್ಕೆಗಳು. ಮಠದ ಮಾಳಿಗೆಯ ಮೇಲೆ ಮಲಗಿದ್ದಾಗ ಇದು ನಮ್ಮ ಬರಿಗಣ್ಣಿಗೇ ಕಾಣುತ್ತಿದ್ದಿರಬೇಕು. ಗುರುಗಳ ಬೆರಳು ಅದನ್ನು ದಾಟಿಯೇ ತ್ರಿಶಂಕುವಿನ ಕಡೆಗೆ ಹೋಗುತ್ತಿತ್ತು.

ಚಿತ್ರವನ್ನು ದಾಬಸ್‌ಪೇಟೆಯ ಅಂಗಡಿಯಲ್ಲಿ ಅಚ್ಚು ಹಾಕಿಸಿ ಮೊದಲ ಪ್ರತಿಯನ್ನು ಪಕ್ಕದ ಮನೆಗೆ ಒಯ್ದೆವು. ಆ ತಾಯಿ ಹಾಲು ಕರೆಯುತ್ತಿದ್ದವರು ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. “ಇಷ್ಟೊಂದು ಚುಕ್ಕಿ ನಮ್ ಕೊಟ್ಟಿಗೆ ಮೇಲೇ ಇದ್ವಾ?” ಎಂದರು. ಹೌದೆಂದೆವು. “ಹಂಗಾದ್ರೆ ಚಿರ್ತೆ ಬಂದಿದ್ರೆ ಅದೂ ಬಿದ್ದಿರ್ತಿತ್ತು ಅಲ್ವಾ ಇದ್ರಲ್ಲಿ?” ಕ್ಯಾಮೆರಾ ಮೇಲಕ್ಕೆ ನೋಡುತ್ತದೆ, ನೆಲವನ್ನು ನೋಡುವುದಿಲ್ಲವೆಂದು ವಿವರಿಸಿದೆವು. ಅವರಿಗೆ ಅದು ಅಷ್ಟೇನೂ ಸಮಾಧಾನ ತಂದಂತೆ ಕಾಣಲಿಲ್ಲ. ಆದರೂ ಚಿತ್ರವನ್ನು ಒಳಗೆ ಒಯ್ದು ದೇವರ ಪಟಗಳ ಪಕ್ಕದಲ್ಲಿ, ಯಜಮಾನರ ಭಾವಚಿತ್ರದ ಕೆಳಗೆ ಇಟ್ಟರು.

ಯುಗಾದಿಯ ವೇಳೆಗೆ ಸಂಜೆಯ ಮೋಡಗಳು ಕಟ್ಟಲಾರಂಭಿಸಿದವು. ಮಳೆಗಾಲ ಕಳೆದು ಆಕಾಶ ತೊಳೆದಂತಾಗುವವರೆಗೆ ಈ ಕೆಲಸಕ್ಕೆ ಬಿಡುವು. ಹಲಗೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬೋಲ್ಟಿಗೆ ಎಣ್ಣೆ ಹಚ್ಚಿ ಅಟ್ಟದ ಮೇಲೆ ಇಟ್ಟೆವು. ಗೋಡೆಯ ಬುಡದ ಉತ್ತರದಕ್ಷಿಣ ರೇಖೆಯನ್ನು ಮಾತ್ರ ಅಳಿಸಬಾರದೆಂದು ಕೇಳಿಕೊಂಡೆವು. ನಮ್ಮ ಮನೆಯವರು ಅದರ ಎರಡೂ ಬದಿಗೆ ಸಂಡಿಗೆ ಇಟ್ಟಿದ್ದರು. ಗೆರೆಯ ಮೇಲೆ ಒಂದೂ ಇರಲಿಲ್ಲ.